ಕೋಟೆ ಬಾಗಿಲಿನ ಚಿಲಕದ ಕುರಿತು

ಮೇಜಿನ ಸುತ್ತ ಕೂತು ಪಾತ್ರ ಕಟ್ಟಿ ಆಡುವ ಶನಿವಾರದ ಆಟದ ಯಜಮಾನರ ಸನ್ನಿಧಾನಕ್ಕೆ,

೧. ಅರ್ಜಿದಾರ: ತಮ್ಮ ಆಟದಲ್ಲಿ ಬಿಲ್ಲುಗಾರ್ತಿಯಾಗಿದ್ದ ಹುಡುಗಿಯ ತಾತ.
೨. ವಿಷಯ: ಅವಳು ಅರ್ಧಕ್ಕೆ ಬಿಟ್ಟ ಕೋಟೆ.

ಮಾನ್ಯರೇ,

ಮೊಮ್ಮಗಳು ಆಸ್ಪತ್ರೆಯ ಹಾಸಿಗೆಯಲ್ಲೇ ಕುಳಿತು, ಔಷಧದ ರಟ್ಟು, ಬಾಟಲಿಯ ಮುಚ್ಚಳ, ಮುರಿದ ಕೊಡೆಯ ಕಡ್ಡಿಗಳಿಂದ ತಮ್ಮ ಆಟಕ್ಕೆ ಕೋಟೆ ಕಟ್ಟುತ್ತಿದ್ದುದು ತಮಗೆ ವಿದಿತವೇ ಇದೆ. ಕಸವೆಂದು ನಾನು ಗೊಣಗಿದರೆ, "ಸುಮ್ನಿರು ತಾತಾ, ಜಾಸ್ತಿ ಮಾತಾಡಿದ್ರೆ ನಿನ್ನನ್ನೂ ಅಂಟಿಸಿ ಕಾವಲಿಗೆ ನಿಲ್ಲಿಸ್ತೀನಿ" ಎನ್ನುತ್ತಿದ್ದಳು. ಬಾಗಿಲೊಂದು ಬಾಕಿಯಿರುವಾಗ ತೀರಿಕೊಂಡಳು.

ಆಟದಲ್ಲಿ ಅವಳ ಪಾತ್ರವಾದ ಬಿಲ್ಲುಗಾರ್ತಿ ಅದೇ ಕೋಟೆಯಲ್ಲಿ ಸೆರೆಯಾಗಿರುವಳೆಂದೂ, ಆಡುವವರಿಲ್ಲದ ಕಾರಣ ಆಕೆಯನ್ನು ಬರುವ ಶನಿವಾರ ಸಾಯಿಸಲಾಗುವುದೆಂದೂ ತಮ್ಮ ಗೆಳೆಯರಿಂದ ತಿಳಿದುಬಂದಿದೆ. ತಮ್ಮ ನಿಯಮಗಳನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ. ಬಾಗಿಲನ್ನು ಮಾತ್ರ ನಾನೇ ಮಾಡಿ ಮುಗಿಸಿದ್ದೇನೆ. ಅವಳು ಬರೆದಿಟ್ಟ ನಕ್ಷೆಯಲ್ಲಿ ಚಿಲಕ ಹೊರಗಡೆಯಿತ್ತು. ನಾನು ಬೇಕೆಂದೇ ಒಳಗಡೆ ಇಟ್ಟಿದ್ದೇನೆ. ದಯವಿಟ್ಟು ಬಿಲ್ಲುಗಾರ್ತಿಯನ್ನು ಆ ಬಾಗಿಲಿನಿಂದ ಹೊರಗೆ ಬಿಡಬೇಕಾಗಿ ಪ್ರಾರ್ಥನೆ. ಎಲ್ಲಿಗೆ ಹೋದಳೆಂದು ನನಗೆ ತಿಳಿಸುವ ಅಗತ್ಯವಿಲ್ಲ.

ಇಂತಿ ತಮ್ಮ ವಿಧೇಯ,
(ಸಹಿ) ಬಿಲ್ಲುಗಾರ್ತಿಯ ತಾತ

ಲಗತ್ತು: ಬಾಗಿಲು, ಒಂದು. ನನ್ನ ಕನ್ನಡಕದ ಕೀಲು ಹಾಕಲಾಗಿದೆ, ಮೆಲ್ಲಗೆ ತೆರೆಯುವುದು.