ಮೊದಲು ಕೂತುಕೊಳ್ಳಲಿ

ಶಲವಡಿ

ನೇತ್ರಾ ಮೇಡಂ ಅವರಿಗೆ ಸುಧಾರಾಣಿ ಮಾಡುವ ನಮಸ್ಕಾರಗಳು.

ಐದನೆಯ ತರಗತಿ ಬಿಟ್ಟ ಮೇಲೆ ನಾನು ಹೆಚ್ಚು ಬರೆದವಳಲ್ಲ. ಅಕ್ಷರಗಳು ಸೊಟ್ಟಗಿವೆ, ತಪ್ಪುಗಳೂ ಇರಬಹುದು. ಬೇಸರಿಸದೆ ಓದಿರಿ.

ಸೋಮವಾರ ನೀವು ಮನೆಗೆ ಬಂದು ಭೂಮಿಕಾಳ ವ್ಯಾಯಾಮದ ಯೋಜನೆ ಬರೆಯುವಾಗ, "ಆರು ತಿಂಗಳದಾಗ ಮಗಳು ಏನ್ ಕಲೀಬೇಕಂತ ನಿನಗ ಅನಸ್ತೈತವಾ?" ಎಂದು ನನ್ನನ್ನೇ ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅಕಿನ್ನೇನ್ ಕೇಳ್ತೀರಿ, ಅಕಿ ಬಾಯಿಗೆ ಕೀಲಿ ಬಿದ್ದೈತಿ. ಕೂಸು ನಡೀಬೇಕ್ರಿ, ನಾಕ್ ಮಂದಿ ನೋಡೂಹಂಗ. ಅಷ್ಟ ಬರ್ಕೊಳ್ರಿ" ಎಂದರು. ನೀವೂ ಬರೆದುಕೊಂಡಿರಿ.

ನಡೆದರೆ ನನಗೂ ಸಂತೋಷವೇ. ಆದರೆ ಅವಳಿಗೆ ಒಂದೂವರೆ ವರ್ಷ ತುಂಬಿದರೂ ಬೆನ್ನು ಗಟ್ಟಿಯಾಗಿಲ್ಲ, ಕೂರಿಸಿದರೆ ವಾಲುತ್ತಾಳೆ. ದಿನವಿಡೀ ಪಡಸಾಲೆಯಲ್ಲಿ ಸೂರು ನೋಡುತ್ತ ಮಲಗಿರುತ್ತಾಳೆ. ನಾನು ಒಳಗೆ ರೊಟ್ಟಿ ಬಡಿಯುತ್ತಿರುತ್ತೇನೆ. ಅವಳ ಅಪ್ಪ ಕೊಯ್ಲು ಯಂತ್ರದ ಜೊತೆ ಊರೂರು ತಿರುಗುತ್ತಾರೆ. ಅತ್ತೆ ಕೆಲಸವಿದ್ದರೆ ಮಾತ್ರ ಕರೆಯುತ್ತಾರೆ. ಈ ಮನೆಯಲ್ಲಿ ಮಾತಿಲ್ಲದವರು ತಾಯಿ ಮಗಳು ನಾವಿಬ್ಬರೇ, ನಮ್ಮ ನಡುವೆಯೂ ಅಡುಗೆಮನೆಯ ಗೋಡೆ ಇದೆ.

ಅವಳು ನನ್ನ ಪಕ್ಕದಲ್ಲಿ ಕೂತುಕೊಳ್ಳುವಂತಾಗಲಿ ಎಂಬುದು ನನ್ನ ಆಸೆ. ಅದನ್ನು ಮೊದಲು ಬರೆಯಿರಿ. ಅದಕ್ಕೆ ಬೇಕಾದ ವ್ಯಾಯಾಮವನ್ನು ಅಡುಗೆಮನೆಯಲ್ಲೇ ತೋರಿಸಿರಿ. ಇದು ನಿಮ್ಮದೇ ಆಲೋಚನೆ ಎಂದು ಅತ್ತೆಗೆ ಹೇಳಿರಿ.

ಇಂದು ಬೆಳಿಗ್ಗೆ ಅತ್ತೆ ಹೊಲಕ್ಕೆ ಹೋದಾಗ ಅವಳನ್ನು ಒಳಗೆ ತಂದು, ಒಲೆಯಿಂದ ದೂರದ ಮೂಲೆಯಲ್ಲಿ ಬೆನ್ನಿಗೆ ಮಡಚಿದ ಕೌದಿ ಒತ್ತಿಟ್ಟು ಕೂರಿಸಿದೆ. ಬಡಿಯುವ ಸದ್ದಿಗೆ ಮೊದಲು ಬೆಚ್ಚಿದಳು, ಆಮೇಲೆ ನನ್ನ ಕೈಯನ್ನೇ ನೋಡಿದಳು. ಒಂದು ರೊಟ್ಟಿ ಆಗುವವರೆಗೆ ಕೂತಿದ್ದಳು. ಆ ರೊಟ್ಟಿಯನ್ನು ನಾನು ಬಹಳ ನಿಧಾನವಾಗಿ ಬಡಿದೆ.

ಇಂತಿ,
ಭೂಮಿಕಾಳ ತಾಯಿ
ಸುಧಾರಾಣಿ