ಲಾಭ, ಎರಡು, ಮೂರು

ಮಳವಳ್ಳಿ
18-2-1974

ಚಿ. ಸೌ. ರಂಗನಾಯಕಿಗೆ,

ಯೋಗಾನರಸಿಂಹನ ಆಶೀರ್ವಾದಗಳು. ‘ಉಭಯಕುಶಲೋಪರಿ’ ಎಂದು ಬರೆಯಹೊರಟು ಕೈ ನಿಂತಿತು. ನನ್ನ ಬಾಯಿಂದ ಬಂದ ಒಂದು ಮಾತಿಗೆ ನೀನು ಮಕ್ಕಳನ್ನು ಕರೆದುಕೊಂಡು ಮಂಡ್ಯದ ಬಸ್ಸು ಹತ್ತಿ ಹದಿನೈದು ದಿನವಾಯಿತು. ಕಾಗದ ತಡವಾದದ್ದು ನನ್ನದೇ ತಪ್ಪು. ಹೋದವಳೇ ಮೊದಲು ಬರೆಯಲಿ ಎಂಬ ಜಂಬ ಒಂದು ವಾರ, ಏನು ಬರೆಯುವುದು ಎಂಬ ಹೆದರಿಕೆ ಇನ್ನೊಂದು ವಾರ. ನೀನು ತಿರುಗಿ ಬರುತ್ತೀಯೋ ಇಲ್ಲವೋ, ನನಗೆ ತಿಳಿಯಬೇಕಾದದ್ದು ಅದೊಂದೇ. ಅದನ್ನು ಕೇಳುವ ಧೈರ್ಯ ಬರುವವರೆಗೆ ಇಲ್ಲಿಯ ಸುದ್ದಿ ಬರೆಯುತ್ತೇನೆ.

ಅಂದು ಓವರ್‌ಸಿಯರು ನಮ್ಮ ಮನೆಗೆ ಬಂದು ಒಪ್ಪಿಸಿದ ಕೆಲಸ ಮುಗಿಯಿತು. ಏಳು ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಮದ್ದೂರು ರಸ್ತೆಯ ಗೋಣಿಮರದ ಕೆಳಗೆ ಕೂತು ಹೋಗುವ ಬರುವ ಗಾಡಿಗಳ ಲೆಕ್ಕ ಬರೆದೆ. ಜನಗಣತಿ ಆಯಿತು, ದನಗಣತಿ ಆಯಿತು, ಮೇಷ್ಟ್ರಿಗೆ ಈಗ ಚಕ್ರಗಣತಿ! ಕೊಳ್ಳೇಗಾಲದ ಕಡೆಯ ಸರಕು ರೈಲಿಗೆ ಸೇರಲು ಎರಡರಲ್ಲಿ ಯಾವ ರಸ್ತೆಯನ್ನು ಅಗಲ ಮಾಡಬೇಕು ಎಂಬುದು ಈ ಲೆಕ್ಕದ ಮೇಲೆ ನಿಂತಿದೆಯಂತೆ. ಇನ್ನೊಂದು ರಸ್ತೆಯಲ್ಲೂ ಒಬ್ಬ ಮೇಷ್ಟ್ರು ಹೀಗೇ ಕೂತಿದ್ದರು.

ರಂಗ, ಒಂಬತ್ತು ವರ್ಷದಿಂದ ನಾನು ಆ ರಸ್ತೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಅದನ್ನು ನೋಡಿರಲಿಲ್ಲ. ಮಂಜು ಸರಿಯುವ ಮೊದಲೇ ಬೆಲ್ಲದ ಗಾಡಿಗಳ ಸಾಲು. ಆಲೆಮನೆಯ ಬಿಸಿ ಇನ್ನೂ ಆರದ ಅಚ್ಚುಗಳ ವಾಸನೆ ಗಾಳಿಯಲ್ಲೆಲ್ಲ. ಅವು ಮದ್ದೂರಿನಲ್ಲಿ ಗೂಡ್ಸು ಹತ್ತಿ ಸೊಲ್ಲಾಪುರಕ್ಕೋ ಬೊಂಬಾಯಿಗೋ ಹೋಗುತ್ತವಂತೆ. ಅಲ್ಲಿ ಯಾವ ತಾಯಿ ಯಾವ ಮಗುವಿನ ಬಾಯಿಗೆ ಇಡುತ್ತಾಳೋ! ಆಮೇಲೆ ಬಿದಿರು, ಸೌದೆ, ಬಸ್ಸಿನ ನೆತ್ತಿಯ ಮೇಲೆ ರೇಷ್ಮೆಗೂಡಿನ ಮಂಕರಿ, ಅರಿಶಿನ, ಕುರಿಯ ಹಿಂಡು. ಐದನೆಯ ದಿನ ರೈಲಿನಿಂದ ಇಳಿದ ಒಂದು ಕಬ್ಬಿಣದ ಯಂತ್ರ, ಮೂವತ್ತೆರಡು ಚಕ್ರಗಳ ಮೇಲೆ, ಶಿವನಸಮುದ್ರದ ಕರೆಂಟಿನ ಮನೆಯ ಕಡೆಗೆ ನಡೆದ ಹಾಗೆ ಹೋಯಿತು. ಎತ್ತುಗಳೂ ನಿಂತು ನೋಡಿದವು. ನನಗೆ ಎದ್ದು ಕೈಮುಗಿಯಬೇಕು ಅನ್ನಿಸಿತು, ಮುಗಿದೆ. ನಮ್ಮ ಸೀಮೆ ಇಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ.

ಜೊತೆಗೆ ರಸ್ತೆ ಕೆಲಸದ ಕೆಂಪಸಿದ್ದಯ್ಯನನ್ನು ಹಾಕಿದ್ದರು. ಕಣದಲ್ಲಿ ರಾಗಿ ಅಳೆಯುವುದರಲ್ಲಿ ಹೆಸರಾದ ಮುದುಕ. ಲಾರಿ, ಬಸ್ಸು ನನ್ನ ಕಣ್ಣಿಗೆ. ಎತ್ತಿನ ಗಾಡಿ ಅವನ ಬಾಯಿಗೆ. ಅವನು ಕೂಗಿದ ಹಾಗೆ ನಾನು ಗೀಟು ಎಳೆಯುವುದು. ಪ್ರತಿ ಗಂಟೆಯ ಮೊದಲಲ್ಲಿ ಅವನು “ಲಾಭಾ!” ಎಂದು ಕೂಗಿ, ಆಮೇಲೆ “ಎರಡು, ಮೂರು” ಎಂದು ಹೊರಡುತ್ತಿದ್ದ. ನಾವು ಕಾಗದದ ತಲೆಗೆ ‘ಶ್ರೀ’ ಹಾಕುವ ಹಾಗೆ ಇದೂ ಒಂದು ಎಂದುಕೊಂಡು ನಾನು ಗೀಟು ಎಳೆಯಲಿಲ್ಲ. ಒಂದು ಎಲ್ಲಿ ಹೋಯಿತು ಎಂದು ಗಣಿತ ಹೇಳಿಕೊಡುವ ಈ ಮಹಾರಾಯನಿಗೆ ಹೊಳೆಯಲೇ ಇಲ್ಲ. ನಗಬೇಕಾದರೆ ನಗು.

ಮೂರನೆಯ ಸಂಜೆ ಅವನು ಆ ಗಂಟೆಗೆ ನಲವತ್ತೊಂದು ಎಂದ. ನನ್ನ ಗೀಟು ನಲವತ್ತು.

“ಲಾಭದ ಗಾಡಿ ಎಲ್ಲೋಯ್ತು ಮೇಷ್ಟ್ರೆ?”

“ಅದೂ ಗಾಡಿಯೇನಯ್ಯ?”

“ಇನ್ನೇನು ಎಮ್ಮೆಯಾ? ಮೊದಲ್ನೇದ್ನ ಒಂದು ಅನ್ನಾಕಿಲ್ಲ ಸೋಮಿ, ಲಾಭ ಅಂತೀವಿ. ಕಣದಲ್ಲಿ ಅಂಗೇ ಅಳೆಯಾದು. ಎಸ್ರು ಬ್ಯಾರೆ ಅಂತ ಅದ್ನ ರಾಸಿಗೆ ಸೇರಿಸ್ದೆ ಬುಟ್ಬುಟ್ರಾ? ಮಿಕ್ಕಿದ್ದೆಲ್ಲ ಅದರಿಂದೇನೇ ಬಂದದ್ದಲ್ವಾ?”

ಗಂಟೆಗೊಂದರಂತೆ ಮೂರು ದಿನಕ್ಕೆ ಮೂವತ್ತಾರು ಗಾಡಿ. ನನ್ನ ಕಣ್ಣ ಮುಂದೆಯೇ ಹೋದವು, ನನ್ನ ಪುಸ್ತಕದಲ್ಲಿ ಇಲ್ಲ. ಕೆಂಪಸಿದ್ದಯ್ಯ ಬೈಯಲಿಲ್ಲ, ಬೀಡಿ ಹಚ್ಚಿದ. ನಾನು ಆಗಲೇ ಸೈಕಲ್ ಹತ್ತಿ ಓವರ್‌ಸಿಯರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡು ಲೆಕ್ಕ ತಿದ್ದಿಸಿದೆ. ನಿನ್ನೆ ಅವರು ಹೇಳಿದರು, ಕೊನೆಗೆ ನಮ್ಮ ರಸ್ತೆ ಇನ್ನೊಂದಕ್ಕಿಂತ ಹನ್ನೊಂದೇ ಗಾಡಿ ಮುಂದಿದೆಯಂತೆ. “ಆ ಮೂವತ್ತಾರು ಬಿಟ್ಟುಹೋಗಿದ್ರೆ ರಸ್ತೇನೇ ಕೈತಪ್ತಿತ್ತಲ್ರೀ ಮೇಷ್ಟ್ರೇ” ಎಂದು ನಕ್ಕರು. ಕಾಗದಪತ್ರ ಬೆಂಗಳೂರಿಗೆ ಹೋಗಿದೆ.

ಮನೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದೇನೆ. ಸಾರು ನನ್ನ ಕೈಗೆ ಇನ್ನೂ ಬಗ್ಗಿಲ್ಲ. ಆಂಡಾಳ್ ಮಗ್ಗಿ ಮರೆಯದಿರಲಿ, ಸಂಪತ್ ಕುಮಾರನ ಕೆಮ್ಮಿಗೆ ಮೆಣಸಿನ ಕಷಾಯ ಕೊಡು. ಅತ್ತೆ ಪಂಕಜಮ್ಮನವರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಆಯುಸ್ಸು ಆರೋಗ್ಯ ಕೊಡಲಿ ಆ ಮೇಲುಕೋಟೆಯ ಸ್ವಾಮಿ. ಈಗ ಕೇಳುತ್ತೇನೆ: ಬರುತ್ತೀಯಾ?

ನಿನ್ನ
ಯೋಗಾನರಸಿಂಹ

ತಾ.ಕ.: ಅಂದು ಓವರ್‌ಸಿಯರು ಕಾಫಿ ಕುಡಿಯುತ್ತಾ “ಮಕ್ಕಳೆಷ್ಟು ಮೇಷ್ಟ್ರೇ?” ಎಂದರು. ನಾನು “ಇಬ್ಬರು” ಎಂದೆ. ನೀನು ನಡುಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ನಿನ್ನ ಮುಖ ನೋಡಿದೆ, ಆದರೂ ತಿದ್ದಿಕೊಳ್ಳಲಿಲ್ಲ. ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಅಂಬೆಗಾಲಿಟ್ಟು ಹೋದವನನ್ನು ಆರು ವರ್ಷದಿಂದ ನಾನು ಯಾರ ಮುಂದೆಯೂ ಹೇಳಿಲ್ಲ. ಮರೆತು ಅಲ್ಲ ರಂಗ, ಹೇಳಿದರೆ ಅಳು ಬಂದೀತು ಎಂಬ ಹೇಡಿತನದಿಂದ. ನಿನ್ನೆ ಓವರ್‌ಸಿಯರು ಕೇಳದಿದ್ದರೂ ನಾನೇ ಹೇಳಿದೆ: ನಮಗೆ ಮೂವರು ಮಕ್ಕಳು, ದೊಡ್ಡವನು ಚಲುವನಾರಾಯಣ. ಪಾಪ, ಅವರಿಗೇನು ಗೊತ್ತು. “ಯಾವ ಕ್ಲಾಸು?” ಎಂದು ಕೇಳಿದರು.