ತಿರುಗಿಸಿದರೂ ಅದೇ ತ್ರಿಭುಜ

ಅಪ್ಪಾ,

ಮನೆಯಲ್ಲಿ ನೀನು, ಶಾಲೆಯ ಗೇಟು ದಾಟಿದರೆ ನೀವು, ಸರ್. ಒಂಬತ್ತನೇ ತರಗತಿಯ ಮೊದಲ ದಿನವೇ ಹಾಗೆಂದು ತಾಕೀತು ಮಾಡಿದವನು ನೀನು. ಈ ಪತ್ರವನ್ನು ಚಿತ್ತವಾಡ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಹಾಗಾಗಿ ನೀನು ಎಂದೇ ಕರೆಯುತ್ತೇನೆ. ನೀನು ಹೋಗಿ ಎಂಟು ತಿಂಗಳಾಯಿತು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅವ್ವ ಹೇಳುತ್ತಾಳೆ. ನಾನು ಇಟ್ಟುಕೊಂಡಿದ್ದೇನೆ.

ನಿನ್ನ ಸ್ಕೂಟರಿನ ಹಿಂದೆ ಕೂತು ಕಂಪ್ಲಿ ರಸ್ತೆಯಲ್ಲಿ ಶಾಲೆಗೆ ಹೋಗುತ್ತಿದ್ದುದು ನೆನಪಿದೆಯೇ? ಶಾಲೆ ಇನ್ನೂ ಅರ್ಧ ಮೈಲಿ ಇರುವಾಗ ಕಾಲುವೆ ಸೇತುವೆ ಹತ್ತಿರ ನಿಲ್ಲಿಸುತ್ತಿದ್ದೆ. "ಇಲ್ಲೇ ಇಳಿ. ಮಾಸ್ತರ್ ಮಗಳು ಅಂತ ಯಾರೂ ಬೊಟ್ಟು ತೋರಿಸಬಾರ್ದು. ನಡಕೊಂತ ಬಾ." ಬಾಳೆತೋಟದ ಬದಿಯ ಮಣ್ಣು ತುಳಿದು ನಾನು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದ ಬೇರೆಯವರಿಗೆ ಒಂದು ಏಟು, ನನಗೆ ಎರಡು. ನ್ಯಾಯವಂತ ಮೇಷ್ಟ್ರು ಎಂಬ ಹೆಸರು ನಿನಗೆ ಬಂತು. ಅದನ್ನು ಗಳಿಸಿಕೊಟ್ಟ ಅಂಗೈ ಮಾತ್ರ ನನ್ನದು.

ಇಷ್ಟಾದರೂ ನಿನ್ನ ರೇಖಾಗಣಿತದ ಪಾಠವೆಂದರೆ ನನಗೆ ಪ್ರಾಣ. ಕೈವಾರ ಇಲ್ಲದೆ ಬರೀ ಕೈಯಲ್ಲಿ ಬೋರ್ಡಿನ ಮೇಲೆ ವೃತ್ತ ಎಳೆದು, ಚಾಕ್‌ಪೀಸು ಹೊರಟಲ್ಲಿಗೇ ಬಂದು ಸೇರಿದಾಗ ಒಮ್ಮೆ ತಿರುಗಿ ನೋಡುತ್ತಿದ್ದೆ, ನೆನಪಿದೆಯೇ? ಎರಡು ಕೋನ ಸಮ ಎಂದು ಕಣ್ಣಿಗೆ ಕಂಡರೂ ನೀನು ಒಪ್ಪುತ್ತಿರಲಿಲ್ಲ. "ಕಂಡ್ರ ಸಾಲದು. ಯಾಕ ಸಮ ಅಂತ ಹೇಳು. ಯಾರ ಬಂದು ಕೇಳಿದ್ರೂ ಬಾಯಿ ಮುಚ್ಚುವಂಗ ಹೇಳು." ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? ಹುಡುಗಿ ಹೇಳಿದರೂ, ಸರಿಯಾಗಿ ಹೇಳಿದರೆ ಎಲ್ಲರೂ ಒಪ್ಪಲೇಬೇಕಾದ ಜಾಗ ಒಂದಿದೆ ಎಂದು ನಂಬಿಬಿಟ್ಟೆ.

ಆ ಕಿರುಪರೀಕ್ಷೆಯ ದಿನ. ಎರಡು ಬದಿ ಸಮವಿರುವ ತ್ರಿಭುಜದಲ್ಲಿ ಕೆಳಗಿನ ಎರಡು ಕೋನಗಳೂ ಸಮ ಎಂದು ಸಾಧಿಸಬೇಕಿತ್ತು. ಪುಸ್ತಕದಲ್ಲಿದ್ದಂತೆ ನೆತ್ತಿಯಿಂದ ಒಂದು ಗೆರೆ ಇಳಿಸಿ, ತ್ರಿಭುಜವನ್ನು ಎರಡು ಹೋಳು ಮಾಡಿ, ಎರಡೂ ಸರ್ವಸಮ ಎಂದು ತೋರಿಸಬೇಕು. ನನಗೆ ಆ ಗೆರೆ ಮರೆತೇಹೋಯಿತು. ಹಾಳೆ ತೀರ ತೆಳುವಾಗಿತ್ತು, ಹಿಂದೆ ತಿರುಗಿಸಿದರೆ ಶಾಯಿ ಮೂಡಿತ್ತು. ಎಡ ಬಲವಾಗಿದೆ, ಬಲ ಎಡವಾಗಿದೆ, ತ್ರಿಭುಜ ಮಾತ್ರ ಅದೇ! ಗೆರೆ ಯಾಕೆ ಬೇಕು ಅನಿಸಿತು. ಎಬಿಸಿ ತ್ರಿಭುಜವನ್ನು ಅದರದೇ ತಿರುವಿದ ರೂಪದ ಜೊತೆ, ಎಸಿಬಿ ಜೊತೆ, ಹೋಲಿಸಿದೆ. ಎರಡು ಬದಿಗಳು ಸಮ, ನಡುವಿನ ಕೋನ ಒಂದೇ, ಆದ್ದರಿಂದ ಎರಡೂ ಸರ್ವಸಮ, ಆದ್ದರಿಂದ ಕೆಳಗಿನ ಕೋನಗಳೂ ಸಮ. ಮೂರೇ ಸಾಲು. ಬರೆದು ಮುಗಿಸಿ, ಸಂತೋಷಕ್ಕೆ ಹಾಳೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ.

ಮರುದಿನ ನೀನು ನನ್ನ ಹಾಳೆಯನ್ನೇ ಎತ್ತಿ ಹಿಡಿದೆ. "ನೋಡ್ರಿ ಇಲ್ಲೆ. ಒಂದ ತ್ರಿಭುಜಾನ ಎರಡು ಸಲ ಬರದು ಎರಡು ಅಂತಾಳ. ಇದು ಗಣಿತ ಅಲ್ಲ, ಗಾರುಡಿ ಆಟ!" ತರಗತಿ ಗೊಳ್ಳೆಂದಿತು. "ಸರ್, ಎಲ್ಲಿ ತಪ್ಪೈತಿ ಹೇಳ್ರಿ," ಎಂದು ಕೇಳಿದೆ. ನೀನು ಎಲ್ಲಿ ತಪ್ಪಿದೆ ಎಂದು ಹೇಳಲಿಲ್ಲ. "ಕುಂದ್ರು" ಎಂದೆ, ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ, ಆ ಸೊನ್ನೆಯೂ ಬೋರ್ಡಿನ ವೃತ್ತದಷ್ಟೇ ದುಂಡಗಿತ್ತು. ಹತ್ತನೇ ತರಗತಿ ಮುಗಿಯುವವರೆಗೂ ನನ್ನ ಹೆಸರು ಗಾರುಡಿ. ಆ ಹಾಳೆಯನ್ನು ಸಂಜೆ ಚೂರು ಚೂರು ಮಾಡಿ ಕಾಲುವೆಗೆ ಎಸೆದೆ. ಯಾರು ಬಂದು ಕೇಳಿದರೂ ಬಾಯಿ ಮುಚ್ಚುವಂತೆ ಹೇಳಬೇಕು ಎಂದವನು ನೀನೇ ಅಲ್ಲವೇ? ಮುಚ್ಚಿದ್ದು ನನ್ನ ಬಾಯಿ.

ಪಿಯುಸಿಗೆ ನಾನು ಆರ್ಟ್ಸ್ ತಗೊಂಡಾಗ ನೀನು ಇಡೀ ವಾರ ನನ್ನೊಡನೆ ಮಾತು ಬಿಟ್ಟೆ. "ಮಾಸ್ತರ್ ಮಗಳು ಗಣಿತ ಬಿಟ್ಟಳು ಅಂದ್ರ ಮಂದಿ ಏನಂತಾರ?" ಅದೇ ನಿನ್ನ ಚಿಂತೆ. ಯಾಕೆ ಬಿಟ್ಟೆ ಎಂದು ಒಂದು ಸಲ ಕೇಳಿದ್ದರೆ... ಇರಲಿ. ಡಿಗ್ರಿ ಮುಗಿಸಿ ನಾನು ಬಸ್ ಕಂಡಕ್ಟರ್ ಆದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡಬೇಕು. ನೀನು ಒಂದು ಕೊಟ್ಟೆ, ನಾನು ದಿನವಿಡೀ ಕೊಡುತ್ತೇನೆ. ಕೆಲಸವೇನೂ ಕೆಟ್ಟದ್ದಲ್ಲ. ಆದರೆ ನಾನು ಬಯಸಿದ್ದು ಇದಲ್ಲ, ನಿನಗೂ ಅದು ಗೊತ್ತಿತ್ತು.

ಕಳೆದ ತಿಂಗಳು ಹೊಸಪೇಟೆ-ಕಂಪ್ಲಿ ಗಾಡಿಯಲ್ಲಿ ನಿನ್ನ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಪಕ್ಕದ ಸೀಟಿನಲ್ಲಿ ನೋಟ್‌ಬುಕ್ ತೆರೆದು ಕೂತಿದ್ದಳು. ಟಿಕೆಟ್ ಕೊಡುತ್ತಾ ಕಣ್ಣು ಹಾಯಿಸಿದೆ. ಒಂದು ತ್ರಿಭುಜ, ನಡುವೆ ಗೆರೆಯಿಲ್ಲ, ಕೆಳಗೆ ಮೂರು ಸಾಲು. ನನ್ನ ಮೂರು ಸಾಲು.

"ಯಾರ್ ಹೇಳಿಕೊಟ್ರವಾ ಇದನ್ನ?"

"ನಮ್ ಹಳೇ ಸರ್ ರೀ ಅಕ್ಕಾ. ಜುಲೈನಾಗ ತೀರ್ಕೊಂಡ್ರು. ಪುಸ್ತಕದಾಗಿಂದಕ್ಕಿಂತ ಇದ ಚಲೋ ಅಂತಿದ್ರು. ಪ್ರತಿ ವರ್ಷ ಹೇಳ್ತಿದ್ರಂತ."

"ಅವರ ಕಂಡುಹಿಡದದ್ದಾ?"

"ಇಲ್ರೀ. ಹಿಂದ ಒಬ್ಬಾಕಿ ಹುಡುಗಿ ಪರೀಕ್ಷಾದಾಗ ಬರದಿದ್ಲಂತ. ತಿಳೀದ ಸೊನ್ನಿ ಕೊಟ್ಟೆ, ನಂದ ತಪ್ಪು, ಭಾಳ ಶಾಣ್ಯಾಕಿ ಇದ್ಲು ಅಂತ ಹೇಳ್ತಿದ್ರು. ಹೇಳುವಾಗ ಕಣ್ಣಾಗ ನೀರು ಬರ್ತಿತ್ರೀ. ಆದ್ರ ಈಗ ಗಣಿತದ ಕೋಣ್ಯಾಗ ಇದನ್ನ ಸರ್ ಹೆಸ್ರಾಗ ಬೋರ್ಡ್ ಬರದು ಹಾಕ್ಯಾರ."

ಸೀಟಿ ಊದುವುದು ಮರೆತು ಒಂದು ಸ್ಟಾಪು ಬಿಟ್ಟುಹೋಯಿತಪ್ಪಾ. ಇಳಿಯಬೇಕಿದ್ದ ಅಜ್ಜ ನನಗೆ ವಾಚಾಮಗೋಚರ ಬೈದ. ಬೈಯಲಿ ಎಂದುಕೊಂಡೆ.

ಆಮೇಲೆ ನೆನಪಾಯಿತು. ನಾನು ಪಿಯುಸಿಯಲ್ಲಿದ್ದಾಗ ನೀನು ಬಳ್ಳಾರಿಯ ಯಾವುದೋ ಶಿಕ್ಷಕರ ತರಬೇತಿ ಮುಗಿಸಿ ಬಂದೆ. ಚೀಲ ಇಳಿಸದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಲೇ, ಆ ಕೋನದ ಲೆಕ್ಕ ನೀ ಅವತ್ತು..." ಎಂದು ನಿಲ್ಲಿಸಿದೆ. ನಾನು ತಲೆ ಎತ್ತಿದೆ. "ಏನಿಲ್ಲ, ಮಜ್ಜಿಗಿ ಕೊಡು" ಎಂದೆ ನೀನು. ಅವತ್ತೇ ನಿನಗೆ ತಿಳಿದಿತ್ತು, ಅಲ್ಲವೇ? ಒಂದೇ ಒಲೆಯ ಅನ್ನ ಉಂಡೆವು ಅಷ್ಟು ವರ್ಷ. ಪ್ರತಿ ವರ್ಷ ಊರ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು ಕಣ್ಣೀರು ಹಾಕಿ, ಸಂಜೆ ಮನೆಗೆ ಬಂದು ನನ್ನ ಕೈಯಿಂದಲೇ ಚಹಾ ಕುಡಿಯುತ್ತಿದ್ದೆ. ಮಗಳ ಮುಂದೆ ಸಣ್ಣವನಾಗುತ್ತೇನೆಂದು ಅಂಜಿದೆಯಾ? ಹಾಗಾದರೆ ನಾನು ನಲವತ್ತು ಜನರ ಮುಂದೆ ಸಣ್ಣವಳಾದದ್ದು?

ವಾರದ ರಜೆಯ ದಿನ ಶಾಲೆಗೆ ಹೋದೆ. ಗಣಿತದ ಕೋಣೆಯಲ್ಲಿ ನಿನ್ನ ಫೋಟೊ, ಹಾರ, ಕೆಳಗೆ ಬಣ್ಣದಲ್ಲಿ ನನ್ನ ತ್ರಿಭುಜ, ಅದರ ಕೆಳಗೆ ‘ನಮ್ಮ ಪ್ರೀತಿಯ ಗಣಿತ ಶಿಕ್ಷಕರ ಸ್ವಂತ ಸಾಧನೆ’. ಹೆಡ್‌ಮೇಡಂ ಹೊಸಬರು, ಒಳ್ಳೆಯವರೇ. "ಬರ್ರಿ, ಕುಂದ್ರಿ" ಎಂದು ಚಹಾ ತರಿಸಿದರು.

"ಮೇಡಂ, ಇದು ಅಪ್ಪಂದಲ್ರೀ. ನಂದು."

ಅವರು ಗ್ಲಾಸು ಕೆಳಗಿಟ್ಟರು. "ನೀವು ಏನ್ ಕೆಲಸ ಮಾಡ್ತೀರಮ್ಮಾ?"

"ಕಂಡಕ್ಟರ್."

"ನೀವು ಬರದಿದ್ದ ಪೇಪರ್ ಏನಾರ ಐತೇನು?"

ಕಾಲುವೆ ಎಲ್ಲಿ ಒಯ್ದಿತೋ ಏನು ಹೇಳಲಿ? ಆ ಹುಡುಗಿಯನ್ನು ಕರೆಸಿ ಎಂದೆ. ಬಂದಳು. ಸರ್ ಒಬ್ಬ ಹುಡುಗಿಯದು ಎಂದೇ ಹೇಳುತ್ತಿದ್ದರು ಎಂದು ಧೈರ್ಯವಾಗಿ ಹೇಳಿದಳು.

"ಯಾವ ಹುಡುಗಿ? ಹೆಸ್ರು ಹೇಳಿದ್ರೇನು?"

ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಇಲ್ರೀ ಮೇಡಂ."

"ನೋಡ್ರಿ," ಎಂದರು ಮೇಡಂ ಮೆತ್ತಗೆ, "ಮಗಳಾಗಿ ಅಪ್ಪನ ಹೆಸ್ರು ಅಳಿಸಾಕ ಬಂದ್ರ ಚಂದ ಕಾಣೂದಿಲ್ಲ. ಬ್ಯಾಡ ಬಿಡ್ರಿ." ನಾನು ಎದ್ದು ಬಂದೆ. ಮೂರು ಸಾಲು ಸರಿ ಎಂದು ಯಾರ ಮುಂದೆ ಬೇಕಾದರೂ ಸಾಧಿಸಬಲ್ಲೆ. ಅದು ನನ್ನದು ಎಂದು ಸಾಧಿಸಲು ಆಗಲಿಲ್ಲ. ಅದಕ್ಕೆ ನೀನೊಬ್ಬನೇ ಸಾಕ್ಷಿ, ನೀನು ಬಾಯಿ ಬಿಡದೆ ಹೋದೆ.

ನಿನ್ನ ವರ್ಷದ ತಿಥಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಎಡೆ ಇಡುತ್ತೇನೆ. ಅದರಲ್ಲಿ ಕಡಿಮೆ ಮಾಡುವುದಿಲ್ಲ. ಕ್ಷಮಿಸಿದ್ದೇನೆ ಎಂದು ಮಾತ್ರ ನನ್ನಿಂದ ಹೇಳಿಸಬೇಡ, ಇನ್ನೂ ಆಗಿಲ್ಲ.

ನಿನ್ನೆ ಆ ಹುಡುಗಿ ಮತ್ತೆ ನನ್ನ ಬಸ್ಸು ಹತ್ತಿದಳು. "ಆಕಿ ನೀವ ಅಲ್ರೀ ಅಕ್ಕಾ?" ಎಂದಳು. ಹೂಂ ಎಂದೆ. "ಹೆಸ್ರು ಹೇಳ್ರಿ" ಎಂದು ಪೆನ್ನು ತೆಗೆದಳು. ಗಿರಿಜಾ ಎಂದೆ. ಬಸ್ಸು ಕುಲುಕುತ್ತಿತ್ತು, ಅಕ್ಷರ ಸೊಟ್ಟಗಾದವು, ಆದರೂ ಆ ಮೂರು ಸಾಲಿನ ಕೆಳಗೆ ಬರೆದಳು. ನೀನು ಹದಿನೆಂಟು ವರ್ಷದಲ್ಲಿ ಮಾಡದ್ದನ್ನು ಅವಳು ಕಮಲಾಪುರ ಬರುವುದರೊಳಗೆ ಮಾಡಿ ಮುಗಿಸಿದಳು.

ಗಿರಿಜಾ